ಬ್ರೇಕ್ ಪ್ಯಾಡ್ ಬೇಗ ಸವೆಯುತ್ತಿದೆಯಾ? ಹೊಸದು ಹಾಕಿಸುವ ಮೊದಲು ಹಳೆಯದನ್ನು ನೋಡಿ

ಕಾರಿನ ಬ್ರೇಕ್ ಪ್ಯಾಡ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒಳಗಿನಿಂದ, ಹೊರಗಿನಿಂದ ಒತ್ತಿ ಹಿಡಿಯುವ ತುಂಡು. ಅದು ಸವೆಯುವುದು ದೋಷವಲ್ಲ, ಸವೆಯಲಿ ಅಂತಲೇ ಅದನ್ನು ಮಾಡಿರುವುದು. ಆದರೆ ಎಡಗಡೆಯದು ಮುಗಿದು ಬಲಗಡೆಯದು ಅರ್ಧ ಉಳಿದಿದ್ದರೆ, ಅಥವಾ ಹೋದ ಸಲ 40 ಸಾವಿರ ಕಿ.ಮೀ. ಬಂದ ಪ್ಯಾಡ್ ಈ ಸಲ 15 ಸಾವಿರಕ್ಕೇ ಕೈಕೊಟ್ಟರೆ, ಬೇರೆ ಯಾವುದೋ ಭಾಗ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಅದನ್ನು ಹಾಗೇ ಬಿಟ್ಟು ಹೊಸ ಪ್ಯಾಡ್ ಹಾಕಿಸಿದರೆ ಅದೂ ಅಷ್ಟೇ ಬೇಗ ಹೋಗುತ್ತದೆ, ಹೋಗುವಾಗ ಡಿಸ್ಕನ್ನೂ ಹಾಳು ಮಾಡುತ್ತದೆ. ಹಾಗಾಗಿ ಬಿಚ್ಚಿದ ಹಳೆ ಪ್ಯಾಡ್‌ಗಳನ್ನು ಗ್ಯಾರೇಜಿನವರು ಗುಜರಿ ಡಬ್ಬಕ್ಕೆ ಎಸೆಯಲು ಬಿಡಬೇಡಿ. ನಾಲ್ಕಕ್ಕೂ ಗುರುತು ಹಾಕಿಸಿ: ಎಡ ಒಳಗಿನದು, ಎಡ ಹೊರಗಿನದು, ಬಲ ಒಳಗಿನದು, ಬಲ ಹೊರಗಿನದು. ಸಾಲಾಗಿ ಇಟ್ಟು ನೋಡಿ. ಸವೆದ ಚಪ್ಪಲಿ ನೋಡಿ ನಡಿಗೆ ಹೇಳುವ ಹಾಗೆ, ಪ್ಯಾಡ್ ಸವೆದ ರೀತಿ ನೋಡಿ ತೊಂದರೆ ಎಲ್ಲಿದೆ ಅಂತ ಬಹಳ ಮಟ್ಟಿಗೆ ಹೇಳಬಹುದು.

ಇಲ್ಲಿ ಬರೆದಿರುವುದು ನಮ್ಮಲ್ಲಿ ಹೆಚ್ಚು ಜನರ ಮನೆಯಲ್ಲಿರುವ ಕಾರಿನ ಬಗ್ಗೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಸ್ವಿಫ್ಟ್, ವ್ಯಾಗನ್ ಆರ್, ಗ್ರ್ಯಾಂಡ್ ಐ10, ಟಿಯಾಗೊ, ಎಲ್ಲ ಇದೇ ಜಾತಿ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಹೆಚ್ಚಿನ ಕೆಲಸ ಮುಂದಿನ ಪ್ಯಾಡ್‌ಗಳದ್ದೇ. ಅವು ಸಾಮಾನ್ಯವಾಗಿ 30ರಿಂದ 50 ಸಾವಿರ ಕಿ.ಮೀ. ಬರುತ್ತವೆ. ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವ ಕಾರಿಗೆ ಇನ್ನೂ ಕಡಿಮೆ, ಆಟೋಮ್ಯಾಟಿಕ್ ಆದರೆ ಮತ್ತೂ ಕಡಿಮೆ. ಹಿಂದಿನ ಡ್ರಮ್ ಒಳಗೆ ಪ್ಯಾಡ್ ಬದಲು ಇರುವ ಬ್ರೇಕ್ ಶೂಗಳು ಇದಕ್ಕಿಂತ ಬಹಳ ಜಾಸ್ತಿ ಬಾಳುತ್ತವೆ.

ಕೈ ಹಾಕುವ ಮೊದಲು

ಸಮತಟ್ಟಾದ ಗಟ್ಟಿ ನೆಲ ಬೇಕು. ಮಳೆಗಾಲದ ಅಂಗಳದ ಮಣ್ಣಿನಲ್ಲಿ ಜಾಕಿ ಇಡಬೇಡಿ, ಹೂತುಹೋಗುತ್ತದೆ. ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲ ಮಾಡಿಕೊಳ್ಳಿ. ಕಾರಿನ ಜೊತೆ ಬರುವ ಜಾಕಿ ಸ್ಟೆಪ್ನಿ ಬದಲಾಯಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಅಡಿ ತಲೆ ಹಾಕುವುದು ಬೇಡವೇ ಬೇಡ, ಕಾರಿನ ಭಾರ ಹೊರುವ ಜಾಕಿ ಸ್ಟ್ಯಾಂಡ್ ಇದ್ದರೆ ಮಾತ್ರ ಕೆಲಸ. ಬ್ರೇಕ್ ಪುಡಿಯನ್ನು ಬಾಯಲ್ಲಿ ಊದುವುದು, ಏರ್ ಪೈಪ್‌ನಲ್ಲಿ ಹೊಡೆಯುವುದು ಎರಡೂ ತಪ್ಪು. ಹಳೆ ಲೈನರ್‌ಗಳಲ್ಲಿ (ಪ್ಯಾಡ್, ಶೂ ಮೇಲಿನ ಸವೆಯುವ ಪದರ) ಆಸ್ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೆಡಲ್ ನೆಲದವರೆಗೂ ಹೋಗುತ್ತಿದ್ದರೆ, ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಆರದಿದ್ದರೆ, ಚಕ್ರದ ಒಳಗಡೆ ಆಯಿಲ್ ಸೋರಿದ ಗೆರೆ ಕಂಡರೆ, ಚಕ್ರದಿಂದ ಹೊಗೆ ಬಂದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಕಾರು ನಿಂತಲ್ಲೇ ಇರಲಿ, ಎತ್ತಿಕೊಂಡು ಹೋಗಲು ಗಾಡಿ ಕರೆಸಿ. ಗ್ಯಾರೇಜ್ ಇಲ್ಲೇ ಹತ್ತಿರ ಅಂತ ಓಡಿಸಿಕೊಂಡು ಹೋಗಬೇಡಿ.

ಬ್ರೇಕ್ ಆಯಿಲ್ ಕಡಿಮೆಯಾಗಿದೆ, ಸೋರಿಕೆ ಕಾಣುತ್ತಿಲ್ಲ

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಇದು. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತಾ ಬಂದಿದ್ದರೆ ಪ್ಯಾಡ್ ಸವೆದಿದೆ ಅಂತ. ಪ್ಯಾಡ್ ತೆಳ್ಳಗಾದಷ್ಟೂ ಅದನ್ನು ಒತ್ತುವ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ. ಪ್ಯಾಡ್ ನೋಡದೆ ಸುಮ್ನೆ ಮೇಲಿನ ಗೆರೆಯವರೆಗೆ ತುಂಬಿಸಿದರೆ, ಹೊಸ ಪ್ಯಾಡ್ ಹಾಕುವ ದಿನ ಪಿಸ್ಟನ್ ಒಳಗೆ ತಳ್ಳಿದಾಗ ಅದೆಲ್ಲ ಉಕ್ಕಿ ಬಂದು ಪೇಂಟ್ ಮೇಲೆ ಬೀಳುತ್ತದೆ, ಬಿದ್ದ ಜಾಗದ ಪೇಂಟ್ ಎದ್ದುಬರುತ್ತದೆ. ಮಟ್ಟ ದಿನದಲ್ಲಿ, ವಾರದಲ್ಲಿ ಇಳಿದಿದ್ದರೆ ಮಾತ್ರ ಅದು ಸೋರಿಕೆ.

ಡಬ್ಬಿಗೆ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಮಾತ್ರ. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ತಪ್ಪಿ ಬಿದ್ದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಬ್ರೇಕ್‌ಗಳು ಕಚ್ಚಿಕೊಳ್ಳುತ್ತವೆ. ಆಗ ಸರಿಮಾಡಲು ಪ್ಯಾಡ್‌ಗಿಂತ ಎಷ್ಟೋ ಪಟ್ಟು ಖರ್ಚು.

ಶಬ್ದ ಬರುತ್ತಿದೆ

ರಾತ್ರಿ ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕ್‌ಗೆ ಕರ್ ಅಂದು ಆಮೇಲೆ ಸುಮ್ಮನಾದರೆ ಡಿಸ್ಕ್ ಮೇಲಿನ ತುಕ್ಕು ಉಜ್ಜಿಹೋಯಿತು ಅಷ್ಟೇ. ಚಿಂತೆ ಬೇಡ.

ತೆಳುವಾದ ಕೀಂ ಶಬ್ದ ದಿನವಿಡೀ ಇದ್ದರೆ ಪ್ಯಾಡ್ ನೋಡಬೇಕು. ಹಲವು ಪ್ಯಾಡ್‌ಗಳಲ್ಲಿ ಒಂದು ಪುಟ್ಟ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಮುಗಿಯುವ ಹೊತ್ತಿಗೆ ಅದು ಡಿಸ್ಕಿಗೆ ತಾಗಿ ಕೂಗುತ್ತದೆ, ಎಚ್ಚರಿಸಲಿಕ್ಕೆಂದೇ ಇಟ್ಟಿರುವುದು. ಗರಗರ ಅಂತ ಲೋಹ ಅರೆದ ಶಬ್ದ, ಅದು ಕಾಲಿನ ಅಡಿಗೂ ಗೊತ್ತಾಗುತ್ತಿದೆ ಅಂದರೆ ಪ್ಯಾಡ್ ಮುಗಿದು ಹಿಂದಿನ ಕಬ್ಬಿಣದ ತಗಡು ಡಿಸ್ಕನ್ನು ಕೊರೆಯುತ್ತಿದೆ. ಗಾಡಿ ಅಲ್ಲೇ ನಿಲ್ಲಿಸಿ.

ಶಬ್ದ ಇಲ್ಲ ಅಂದ ಮಾತ್ರಕ್ಕೆ ಪ್ಯಾಡ್ ಚೆನ್ನಾಗಿದೆ ಅಂತಲೂ ಅಲ್ಲ. ಆ ನಾಲಿಗೆ ಎಲ್ಲ ಪ್ಯಾಡ್‌ಗಳಲ್ಲೂ ಇರುವುದಿಲ್ಲ. ಒಳಗಿನ ಪ್ಯಾಡ್‌ಗೆ ಮಾತ್ರ ಇದ್ದು ಹೊರಗಿನದು ಮೊದಲು ಸವೆದರೆ ಕೂಗುವವರೇ ಇಲ್ಲ.

ಒಂದು ಚಕ್ರ ಮಾತ್ರ ಬಿಸಿ, ಅದರಲ್ಲೇ ಕಪ್ಪು ಪುಡಿ ಜಾಸ್ತಿ

ಅಲಾಯ್ ವೀಲ್ ಇದ್ದರೆ ಕಣ್ಣಿಗೇ ಕಾಣುತ್ತದೆ, ವೀಲ್ ಕ್ಯಾಪ್ ಇದ್ದರೆ ತೆಗೆದು ನೋಡಿ. ಮುಂದಿನ ಎರಡು ಚಕ್ರಗಳಲ್ಲಿ ಒಂದು ಕಪ್ಪಗೆ, ಇನ್ನೊಂದು ಸುಮಾರಾಗಿ ಸ್ವಚ್ಛವಾಗಿದ್ದರೆ ಕಪ್ಪಗಿರುವ ಕಡೆ ಬ್ರೇಕ್ ಕಚ್ಚಿಕೊಂಡಿರಬಹುದು.

ಖಾಲಿ ರಸ್ತೆಯಲ್ಲಿ ಐದಾರು ಕಿ.ಮೀ. ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ, ನಿಧಾನವಾಗಿ ನಿಲ್ಲಿಸಿ. ಇಳಿದು ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಕಚ್ಚಿಕೊಂಡ ಡಿಸ್ಕ್ ಚರ್ಮ ಸುಡುವಷ್ಟು ಕಾಯುತ್ತದೆ. ಮುಂದಿನವು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ, ಆದರೆ ಎಡ ಬಲ ಒಂದೇ ತರ ಇರಬೇಕು. ಒಂದು ಕಡೆ ಝಳ ಹೊಡೆದರೆ ಆ ಚಕ್ರದ್ದೇ ತೊಂದರೆ. ಓಡುವಾಗ ವೇಗಕ್ಕೆ ತಕ್ಕಂತೆ ಗುಂಯ್ ಅನ್ನುವ ಶಬ್ದವೂ ಇದ್ದರೆ ವೀಲ್ ಬೇರಿಂಗ್ ಮೇಲೂ ಅನುಮಾನ ಇರಲಿ. ಬಿಸಿಯಾಗಿದೆ ಅಂತ ನೀರು ಎರಚಬೇಡಿ. ಡಿಸ್ಕ್ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

ಇನ್ನು ಜಾಕಿ. ಚಕ್ರ ಎತ್ತಿ, ಗೇರು ನ್ಯೂಟ್ರಲ್‌ಗೆ ಹಾಕಿ ಕೈಯಲ್ಲಿ ತಿರುಗಿಸಿ. ಪ್ಯಾಡ್ ಸ್ಸ್ ಅಂತ ಸ್ವಲ್ಪ ಸವರಿಕೊಂಡು ಹೋಗುವುದು ಮಾಮೂಲು. ಎರಡೂ ಕೈ ಹಾಕಿ ಒದ್ದಾಡಬೇಕಾದರೆ ಮಾಮೂಲಲ್ಲ. ಒಬ್ಬರು ಬ್ರೇಕ್ ಒತ್ತಿ ಬಿಡಲಿ, ಬಿಟ್ಟ ತಕ್ಷಣ ಚಕ್ರ ಸಡಿಲ ಆಗಬೇಕು.

ಒಳಗಿನ ಪ್ಯಾಡ್ ಖಾಲಿ, ಹೊರಗಿನದು ಹಾಗೇ ಇದೆ

ನಮ್ಮ ರಸ್ತೆಗಳಲ್ಲಿ ಇದು ಬಹಳ ಸಾಮಾನ್ಯ, ಜನ ಮೋಸ ಹೋಗುವುದೂ ಇಲ್ಲೇ. ಚಕ್ರದ ಕಡ್ಡಿಗಳ ನಡುವೆ ಇಣುಕಿದರೆ ಕಾಣುವುದು ಹೊರಗಿನ ಪ್ಯಾಡ್. ಅದು ದಪ್ಪಗಿದೆ ಅಂತ ನೆಮ್ಮದಿಯಾಗಿ ಇರುತ್ತೀರಿ, ಒಳಗಡೆ ಕಬ್ಬಿಣ ಡಿಸ್ಕಿಗೆ ತಾಗುತ್ತಿರುತ್ತದೆ. ಸರ್ವೀಸಿನಲ್ಲಿ ಪ್ಯಾಡ್ ಓಕೆ ಅಂತ ಬರೆದುಕೊಟ್ಟರೆ, ಒಳಗಿನದನ್ನು ನೋಡಿದಿರಾ ಅಂತ ಒಮ್ಮೆ ಕೇಳಿ.

ಯಾಕೆ ಹೀಗಾಗುತ್ತದೆ ಅಂದರೆ, ಈ ಕಾರುಗಳಲ್ಲಿ ಎರಡೂ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಅದೇ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಒಳಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಂಡು ಬರುತ್ತದೆ. ಪಿನ್ ಜಾರದಿದ್ದರೆ ಕೆಲಸವೆಲ್ಲ ಒಳಗಿನ ಪ್ಯಾಡ್ ಒಂದರ ಮೇಲೆ.

ಈ ಪಿನ್ ನೋಡುವುದು ಅಗ್ಗದ ಕೆಲಸ. ಕ್ಯಾಲಿಪರ್ ಬೋಲ್ಟ್ ಬಿಚ್ಚಿದ ಮೇಲೆ ಪಿನ್ನನ್ನು ಬೆರಳಲ್ಲಿ ಹಿಡಿದು ಎಳೆಯಿರಿ, ತಳ್ಳಿ. ಸಲೀಸಾಗಿ ಜಾರಿ, ಬಿಟ್ಟಾಗ ಗಾಳಿ ಒತ್ತಡಕ್ಕೆ ಸ್ವಲ್ಪ ಹೊರಗೆ ಬರಬೇಕು. ತಿರುವಿ ತಿರುವಿ ಎಳೆಯಬೇಕಾಯಿತಾ? ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಗ್ರೀಸ್ ಒಣಗಿ ಕಂದು ಬಣ್ಣದ ಅಂಟಾಗಿರುತ್ತದೆ, ಬುಡದ ಹತ್ತಿರ ಉಂಗುರದಂತೆ ತುಕ್ಕು ಹಿಡಿದಿರುತ್ತದೆ. ಸರಿಯಾಗಿ ಆ ಉಂಗುರದ ಮೇಲೆ ಬರುವ ರಬ್ಬರ್ ಬೂಟ್‌ನ ಮಡಿಕೆ ಬಿಡಿಸಿ ನೋಡಿ, ಕೂದಲೆಳೆಯಷ್ಟು ಸೀಳು ಸಿಗುತ್ತದೆ. ನೀರು, ಕೆಂಪು ಮಣ್ಣು ಒಳಗೆ ಹೋಗಿದ್ದು ಅಲ್ಲಿಂದಲೇ. ಮಲೆನಾಡು, ಕರಾವಳಿ ಕಡೆ ಓಡಾಡುವ ಕಾರಿಗೆ ಪ್ರತಿ ಮಳೆಗಾಲ ಮುಗಿದ ಮೇಲೆ ಇದನ್ನೊಂದು ನೋಡಿಸಿಬಿಡಿ.

ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಸ್ವಚ್ಛ ಮಾಡಿ, ಹೊಸ ಬೂಟ್ ಹಾಕಿ, ಬ್ರೇಕ್ ಪಿನ್‌ಗೆಂದೇ ಬರುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಬೇಕು. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಬೇಡ, ಅದು ರಬ್ಬರನ್ನು ಊದಿಸಿ ಕೆಲವೇ ತಿಂಗಳಲ್ಲಿ ಪಿನ್ ಮತ್ತೆ ಜಾಮ್ ಮಾಡುತ್ತದೆ. ಗುಳಿ ಬಿದ್ದಿದ್ದರೆ ಪಿನ್ನೇ ಬದಲಾಯಿಸಿ. ಕೆಲವು ಕ್ಯಾಲಿಪರ್‌ಗಳಲ್ಲಿ ಎರಡು ಪಿನ್ ಬೇರೆ ಬೇರೆ ತರ ಇರುತ್ತವೆ, ಒಂದರ ತುದಿಗೆ ರಬ್ಬರ್ ಇರುತ್ತದೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಬಾರದು. ಕೆಲಸ ಮಾಡುವಾಗ ಕ್ಯಾಲಿಪರ್ ಹೋಸ್ ಪೈಪಿನಲ್ಲಿ ನೇತಾಡುತ್ತಿದ್ದರೆ ತಂತಿಯಲ್ಲಿ ಕಟ್ಟಿ ಮೇಲೆ ಹಿಡಿಸಿ, ಆ ಭಾರಕ್ಕೆ ಪೈಪ್ ಒಳಗೊಳಗೇ ಸೀಳುತ್ತದೆ.

ಪಿನ್‌ಗಳು ಚೆನ್ನಾಗಿ ಜಾರುತ್ತಿವೆ, ಆದರೂ ಒಳಗಿನ ಪ್ಯಾಡೇ ಸವೆದಿದೆ ಅಂದರೆ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಪಿಸ್ಟನ್ ಸುತ್ತ ಇರುವ ಸೀಲ್, ಬ್ರೇಕ್ ಒತ್ತಿದಾಗ ಸ್ವಲ್ಪ ತಿರುಚಿಕೊಂಡು, ಬಿಟ್ಟಾಗ ಮೊದಲಿನ ಆಕಾರಕ್ಕೆ ಬರುತ್ತಾ ಪಿಸ್ಟನ್ನನ್ನು ಒಂದು ಕೂದಲಷ್ಟು ಹಿಂದಕ್ಕೆ ಎಳೆಯುತ್ತದೆ. ಪಿಸ್ಟನ್ ಬೂಟ್ ಹರಿದು ತುಕ್ಕು ಹಿಡಿದರೆ ಅದು ಆಗುವುದಿಲ್ಲ. ಇದಕ್ಕೆ ಕ್ಯಾಲಿಪರ್ ಕಿಟ್ (ಹೊಸ ಸೀಲ್, ಬೂಟ್) ಹಾಕಬೇಕು ಅಥವಾ ಕ್ಯಾಲಿಪರ್ ಬದಲಾಯಿಸಬೇಕು. ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಇದರ ಉಲ್ಟಾ, ಅಂದರೆ ಹೊರಗಿನದೇ ಹೆಚ್ಚು ಸವೆಯುವುದು, ಅಪರೂಪ. ಪಿಸ್ಟನ್ ಹಿಂದೆ ಸರಿದರೂ ಕ್ಯಾಲಿಪರ್ ಬಿಗಿಯಾಗಿ ಅಲ್ಲೇ ನಿಂತಿರುತ್ತದೆ. ಅಲ್ಲೂ ಮೊದಲು ಪಿನ್ನೇ ನೋಡಿ.

ಪ್ಯಾಡ್ ಬೆಣೆಯ ಹಾಗೆ ಓರೆಯಾಗಿ ಸವೆದಿದೆ

ಪ್ಯಾಡ್ ಮೇಲೆ ಸ್ಕೇಲ್ ಇಟ್ಟು ಎರಡೂ ತುದಿ ಅಳೆಯಿರಿ. ಹಿಂದಿನ ತಗಡು ಬಿಟ್ಟು ಪ್ಯಾಡ್ ಮಾತ್ರ. ಹೊಸದು ಸುಮಾರು 10 ಎಂಎಂ ಇರುತ್ತದೆ. 3ಕ್ಕೆ ಬಂದರೆ ಬದಲಾಯಿಸುವ ಹೊತ್ತು ಬಂತು, 2 ಅಂದರೆ ಮುಗಿಯಿತು. ಒಂದು ತುದಿ 7, ಇನ್ನೊಂದು 3 ಹೀಗಿದ್ದರೆ ಎರಡು ಪಿನ್‌ಗಳಲ್ಲಿ ಒಂದೇ ಜಾರುತ್ತಿದೆ, ಅಥವಾ ಪ್ಯಾಡ್‌ನ ಕಿವಿ ಬ್ರಾಕೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ. ಬ್ರಾಕೆಟ್‌ನ ಮೂಲೆಯಲ್ಲಿ ಸ್ಟೀಲ್ ಕ್ಲಿಪ್ ಇರುತ್ತದಲ್ಲ, ಅದರ ಅಡಿ ತುಕ್ಕು ಊದಿ ಕ್ಲಿಪ್ಪನ್ನು ಮೇಲೆತ್ತಿರುತ್ತದೆ. ವೈರ್ ಬ್ರಶ್‌ನಲ್ಲಿ ತುಕ್ಕು ತೆಗೆದು ಹೊಸ ಕ್ಲಿಪ್ ಹಾಕಿದರೆ ಸರಿ. ಹೊಸ ಪ್ಯಾಡ್ ಕೂರುತ್ತಿಲ್ಲ ಅಂತ ಸುತ್ತಿಗೆಯಲ್ಲಿ ಬಡಿದು ಕೂರಿಸುವುದನ್ನು ಕಂಡರೆ ನಿಲ್ಲಿಸಿ. ಬಡಿದು ಕೂರಿಸಿದ್ದು ಹಿಂದೆ ಸರಿಯುವುದಿಲ್ಲ.

ಒಂದು ಕಡೆಯ ಎರಡೂ ಪ್ಯಾಡ್ ಬೇಗ ಸವೆದಿವೆ, ಕಾರು ಒಂದು ಕಡೆ ಎಳೆಯುತ್ತದೆ

ಮೊದಲು ಟೈರಿನ ಗಾಳಿ ನೋಡಿ. ನಿಜವಾಗಿ. ಮುಂದಿನ ಎರಡರಲ್ಲಿ ಒಂದರ ಗಾಳಿ ಕಮ್ಮಿ ಇದ್ದರೂ ಕಾರು ಆ ಕಡೆ ಎಳೆಯುತ್ತದೆ.

ಗಾಳಿ ಸರಿ ಇದ್ದರೆ, ಯಾವಾಗ ಎಳೆಯುತ್ತದೆ ಅಂತ ಗಮನಿಸಿ. ಸುಮ್ನೆ ಓಡುವಾಗಲೂ ಬಲಕ್ಕೆ ಎಳೆದು, ಬಲ ಚಕ್ರವೇ ಬಿಸಿ ಇದ್ದರೆ ಬಲಗಡೆಯ ಬ್ರೇಕ್ ಕಚ್ಚಿಕೊಂಡಿದೆ. ಬ್ರೇಕ್ ಒತ್ತಿದಾಗ ಮಾತ್ರ ಬಲಕ್ಕೆ ಎಳೆದರೆ ಎಡಗಡೆಯ ಬ್ರೇಕ್ ಕೆಲಸ ಮಾಡುತ್ತಿಲ್ಲದಿರಬಹುದು, ಬಲಗಡೆಯದು ಇಬ್ಬರ ಕೆಲಸ ಮಾಡಿ ಸವೆದಿದೆ. ಆಗ ರಿಪೇರಿ ಆಗಬೇಕಾದದ್ದು ಪ್ಯಾಡ್ ದಪ್ಪಗಿರುವ ಕಡೆ! ಸವೆದ ಕಡೆ ಮಾತ್ರ ಪ್ಯಾಡ್ ಹಾಕಿ ಕಳಿಸುವುದು ತಪ್ಪು ಅನ್ನುವುದು ಇದಕ್ಕೇ. ಪ್ಯಾಡ್ ಹಾಕಿದರೆ ಎರಡೂ ಕಡೆ ಹಾಕಬೇಕು, ನೋಡುವುದೂ ಎರಡೂ ಕಡೆ.

ಕಚ್ಚಿಕೊಂಡ ಕಡೆ ಪಿನ್ ಚೆನ್ನಾಗಿದ್ದರೆ ಮುಂದಿನ ಪರೀಕ್ಷೆ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಚಕ್ರ ಬಿಗಿಯಾಗಿರುವಾಗಲೇ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ಆಯಿಲ್ ಹೊರಬಿಡುವ ಪುಟ್ಟ ಸ್ಕ್ರೂ) ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಪೈಪಿನಲ್ಲಿ ಸಿಕ್ಕಿಬಿದ್ದಿದೆ. ಒಂದೇ ಚಕ್ರದಲ್ಲಿ ಹೀಗಾದರೆ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡು, ಆಯಿಲ್ ಹೋಗಲು ಬಿಟ್ಟು ವಾಪಸ್ ಬರಲು ಬಿಡುತ್ತಿಲ್ಲ. ಹೊರಗಿನಿಂದ ಹೋಸ್ ಹೊಸದರಂತೆ ಕಂಡರೂ ಹೀಗಾಗಬಹುದು. ಹತ್ತು ನಿಮಿಷ ನಿಂತ ಮೇಲೆ ತಾನಾಗೇ ಬಿಡುವುದು ಇದರ ಲಕ್ಷಣ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯಾಗೇ ಇದ್ದರೆ ಪಿಸ್ಟನ್ ಜಾಮ್. ಎಲ್ಲ ಚಕ್ರಗಳೂ ಕಚ್ಚಿಕೊಳ್ಳುತ್ತಿದ್ದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟಿರಬಹುದು, ಅಥವಾ ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲದಿರಬಹುದು. ಡ್ರೈವರ್ ಕಡೆಯ ಮ್ಯಾಟ್ ಪೆಡಲ್‌ಗೆ ಅಡ್ಡ ಬಂದಿದೆಯಾ ಅಂತ ಅದಕ್ಕೂ ಮೊದಲು ನೋಡಿ.

ಮುಂದಿನ ನಾಲ್ಕೂ ಪ್ಯಾಡ್ ಸಮನಾಗಿಯೇ ಸವೆದಿವೆ, ಆದರೆ ಬಹಳ ಬೇಗ

ಸಮನಾಗಿ ಸವೆದಿದ್ದರೆ ಕ್ಯಾಲಿಪರ್ ಮೇಲೆ ಅನುಮಾನ ಕಮ್ಮಿ. ಎರಡು ಕಡೆ ನೋಡಬೇಕು: ಓಡಿಸುವ ರೀತಿ, ಹಿಂದಿನ ಬ್ರೇಕ್.

ಆಟೋಮ್ಯಾಟಿಕ್ ಕಾರಿನಲ್ಲಿ ಎಡಗಾಲನ್ನು ಬ್ರೇಕ್ ಮೇಲೆ ಇಟ್ಟುಕೊಳ್ಳುವವರು ಇದ್ದಾರೆ. ಆಮೇಲೆ ಘಾಟಿ. ಆಗುಂಬೆಯಿಂದ ಸೋಮೇಶ್ವರಕ್ಕೆ, ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವಾಗ ನಾಲ್ಕನೇ ಗೇರಿನಲ್ಲೇ ಬಂದು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಗಾಜಿನಂತೆ ಹೊಳೆಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಎರಡನೇ ಗೇರು ಹಾಕಿ, ಇಂಜಿನ್ ಹಿಡಿಯಲಿ. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿದ ಮೇಲೆ ಪೂರ್ತಿ ಬಿಡಿ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುವುದು, ಇಂಜಿನ್ ಆಫ್ ಮಾಡುವುದು ಆತ್ಮಹತ್ಯೆಗೆ ಸಮ. ಇಂಜಿನ್ ನಿಂತರೆ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ, ಸ್ಟೀರಿಂಗ್ ಕಲ್ಲಾಗುತ್ತದೆ. ಇಳಿಯುವಾಗ ಪೆಡಲ್ ಮೆತ್ತಗಾದರೆ ಗೇರು ಇಳಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆಯಾದರೂ ಆರಲು ಬಿಡಿ. ಹಳೆ ಬ್ರೇಕ್ ಆಯಿಲ್ ನೀರಿನ ಅಂಶ ಹೀರಿಕೊಂಡಿರುತ್ತದೆ. ಹೊಸದರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ತಡೆಯುವ ಡಾಟ್ 4, ನೀರು ಸೇರಿದ ಮೇಲೆ 155 ಡಿಗ್ರಿ ಹತ್ತಿರವೇ ಕುದಿಯಬಹುದು, ಕುದಿದರೆ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು ಅದಕ್ಕೆ.

ಹಿಂದಿನ ಬ್ರೇಕ್ ಕೆಲಸ ಮಾಡದಿದ್ದರೆ ಮುಂದಿನವು ಎಲ್ಲ ಹೊರೆ ಹೊರುತ್ತವೆ. ಹ್ಯಾಂಡ್‌ಬ್ರೇಕ್ ಲಿವರ್ ಟಕಟಕ ಅಂತ ಹತ್ತು ಹಲ್ಲು ದಾಟಿ ಮೇಲೆ ಬರುತ್ತಿದ್ದು, ಪೆಡಲ್ ಕೂಡ ಮೊದಲಿಗಿಂತ ಕೆಳಗೆ ಹೋಗುತ್ತಿದ್ದರೆ ಡ್ರಮ್ ಒಳಗಿನ ಆಟೋ ಅಡ್ಜಸ್ಟರ್ (ಶೂ ಸವೆದ ಹಾಗೆ ಅದನ್ನು ಡ್ರಮ್ ಹತ್ತಿರಕ್ಕೆ ತರುವ ಭಾಗ) ಜಾಮ್ ಆಗಿರಬಹುದು. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿ ಕಳಿಸುವುದು ರೋಗ ಮುಚ್ಚಿಡುವ ಕೆಲಸ. ಮೊದಲು ಡ್ರಮ್ ತೆಗೆಸಿ.

ಹಿಂದಿನ ಶೂ ಒಂದೊಂದು ತರ ಸವೆದಿವೆ

ಒಂದೇ ಡ್ರಮ್‌ನ ಎರಡು ಶೂಗಳಲ್ಲಿ ಮುಂದಿನ ಕಡೆಯದು ಸ್ವಲ್ಪ ಜಾಸ್ತಿ ಸವೆಯುವುದು ಸಹಜ, ಡ್ರಮ್ ತಿರುಗುವ ದಿಕ್ಕೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಎಡ ಬಲ ಫರಕು ಇದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ಲಿವರ್ ಇಳಿಸಿದರೂ ಒಂದು ಕಡೆ ಚಕ್ರ ತಿರುಗದಿದ್ದರೆ ಕೇಬಲ್ ಒಳಗೆ ತುಕ್ಕು ಹಿಡಿದು ವಾಪಸ್ ಬರುತ್ತಿಲ್ಲ. ಈ ಪರೀಕ್ಷೆಗೆ ಹ್ಯಾಂಡ್‌ಬ್ರೇಕ್ ಇಳಿಸಲೇಬೇಕು, ಹಾಗಾಗಿ ಮುಂದಿನ ಚಕ್ರಗಳಿಗೆ ಕಲ್ಲು ಮರೆಯಬೇಡಿ, ಗೇರಿನಲ್ಲೂ ಇರಲಿ.

ವೀಲ್ ಸಿಲಿಂಡರ್‌ನ (ಡ್ರಮ್ ಒಳಗೆ ಶೂಗಳನ್ನು ತಳ್ಳುವ ಭಾಗ) ರಬ್ಬರ್ ಅಂಚು ಎತ್ತಿದಾಗ ಒಳಗೆ ಒದ್ದೆ ಇದ್ದರೆ ಸೋರಿಕೆ ಶುರುವಾಗಿದೆ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುತ್ತೇನೆ ಅಂದರೆ ಒಪ್ಪಬೇಡಿ, ಎರಡೂ ಕಡೆ ಹೊಸದೇ ಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಕಾರಿಗೆ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಶೂ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರು, ಚಕ್ರಕ್ಕೊಂದು ಕಲ್ಲು ಸಾಕು.

ಬ್ರೇಕ್ ಒತ್ತಿದಾಗ ಪೆಡಲ್, ಸ್ಟೀರಿಂಗ್ ನಡುಗುತ್ತದೆ

ಡಿಸ್ಕ್ ಎಲ್ಲ ಕಡೆ ಒಂದೇ ದಪ್ಪ ಉಳಿದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್‌ನಲ್ಲಿ ನಟ್‌ಗಳನ್ನು ಒಂದೊಂದು ತರ ಬಿಗಿದಿದ್ದರೂ, ಹಬ್ ಮತ್ತು ಡಿಸ್ಕ್ ನಡುವೆ ತುಕ್ಕು ಕೂತಿದ್ದರೂ ನಿಧಾನವಾಗಿ ಹೀಗಾಗುತ್ತದೆ. ಲೇತ್‌ಗೆ ಕೊಡುವ ಮೊದಲು ಡಿಸ್ಕ್ ಅಂಚಿನಲ್ಲಿ ಅಥವಾ ಹಬ್ ಭಾಗದಲ್ಲಿ ಅಚ್ಚು ಹಾಕಿರುವ ಕನಿಷ್ಠ ದಪ್ಪ ಓದಿ. ಉಜ್ಜಿದ ಮೇಲೆ ಅದಕ್ಕಿಂತ ಕಮ್ಮಿ ಆಗುವುದಾದರೆ ಹೊಸ ಡಿಸ್ಕ್ ಜೋಡಿಯೇ ಗತಿ. ಒಂದು ವೇಳೆ ಜೋರಾಗಿ ಒತ್ತಿದಾಗ ಮಾತ್ರ ಪೆಡಲ್ ಟರ್‌ರ್ ಅಂದರೆ ಅದು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತಿರುವುದು, ದೋಷ ಅಲ್ಲ.

ಹೊಸ ಪ್ಯಾಡ್ ಹಾಕಿದ ದಿನ

ಗ್ಯಾರೇಜಿನಿಂದ ಹೊರಡುವ ಮೊದಲು ನಿಂತಲ್ಲೇ ಪೆಡಲ್ ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿದೆಯಾ ನೋಡಿ. ಪಿಸ್ಟನ್ ಹಿಂದೆ ತಳ್ಳಿರುವುದರಿಂದ ಮೊದಲ ಸಲ ಪೆಡಲ್ ನೆಲಕ್ಕೇ ಹೋಗಬಹುದು, ಅದು ರಸ್ತೆಯಲ್ಲಿ ಆಗಬಾರದು. ಮೊದಲ ಮುನ್ನೂರು ಕಿ.ಮೀ. ಗಕ್ಕನೆ ಬ್ರೇಕ್ ಹಾಕುವ ಪ್ರಸಂಗ ತಂದುಕೊಳ್ಳಬೇಡಿ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ. ಓಡೋಮೀಟರ್ ಓದಿದ್ದನ್ನು ಬಿಲ್ ಮೇಲೆ ಬರೆದಿಡಿ. ಸಾವಿರ ಕಿ.ಮೀ. ಆದ ಮೇಲೆ ಅಂಗೈ ಹಿಡಿಯುವ ಪರೀಕ್ಷೆ ಮತ್ತೊಮ್ಮೆ ಮಾಡಿ, ಒಂದು ಚಕ್ರ ಇನ್ನೂ ಬಿಸಿ ಬರುತ್ತಿದ್ದರೆ ಅದೇ ಬಿಲ್ ಹಿಡಿದುಕೊಂಡು ವಾಪಸ್ ಹೋಗಿ.